ಹರಕೆಯ ಹೊಗೆ

ನನ್ನ ಕಾಯಿಲೆಯ ಬಗ್ಗೆ ಬರೆಯುತ್ತೇನೆ ಅಂದಾಗ ನಮ್ಮಕ್ಕ ನೀಲವ್ವ ನಕ್ಕಳು. ‘ಏನ್ ಬರೀತಿ ಅದರಾಗ? ಕೆಮ್ಮಿದೆ, ಮತ್ತ ಕೆಮ್ಮಿದೆ, ದವಾಖಾನಿಗೆ ಹೋದೆ, ಅಲ್ಲೂ ಕೆಮ್ಮಿದೆ. ಮುಗೀತಲ್ಲ’ ಅಂದಳು. ಅವಳ ಮಾತು ಸುಳ್ಳಲ್ಲ. ಆದರೂ ಬರೆಯುತ್ತಿದ್ದೇನೆ. ಗದಗದ ದವಾಖಾನೆಯ ಬೆಂಚುಗಳ ಮೇಲೆ ನನ್ನ ಹಾಗೆ ಬಾಯಿ ತೆರೆದುಕೊಂಡು ಕೂತ ಎಷ್ಟೋ ಹೆಂಗಸರನ್ನು ನೋಡಿದ್ದೇನೆ. ಒಬ್ಬೊಬ್ಬಳೂ ತನಗೊಬ್ಬಳಿಗೇ ಹೀಗಾಗಿದೆ, ತಾನೇ ಏನೋ ಪಾಪ ಮಾಡಿದ್ದೇನೆ ಅಂದುಕೊಂಡು ತಲೆ ತಗ್ಗಿಸಿ ಕೂತಿರುತ್ತಾಳೆ. ಅವರಿಗಾಗಿ ಇದು.

ನಮ್ಮೂರಿನ ಹೆಸರು ಹೇಳುವುದಿಲ್ಲ. ಶಿರಹಟ್ಟಿಗೂ ಮುಂಡರಗಿಗೂ ನಡುವೆ ಕಪ್ಪತಗುಡ್ಡದ ಬುಡದಲ್ಲಿರುವ ಹಳ್ಳಿಗಳಲ್ಲಿ ಒಂದು ಅಂದುಕೊಳ್ಳಿ. ನನ್ನ ಗಂಡನ ಹೆಸರನ್ನೂ ಹೇಳುವುದಿಲ್ಲ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಒಡಪು ಕಟ್ಟಿ ಹೇಳುತ್ತಾರೆಯೇ ಹೊರತು ಹಾಗೇ ಬಾಯಿಗೆ ತರುವುದಿಲ್ಲ. ಮೇಲಾಗಿ ಅರಣ್ಯ ಇಲಾಖೆಯವರಿಗೂ ಓದು ಬರಹ ಬರುತ್ತದೆ.

ನಾನು ಯಳವತ್ತಿಯವಳು. ಎತ್ತ ನೋಡಿದರೂ ಕರಿ ಮಣ್ಣಿನ ಬಯಲು ಕಂಡು ಬೆಳೆದವಳಿಗೆ, ಲಗ್ನವಾಗಿ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೇ ಗುಡ್ಡ. ಮಳೆಗಾಲ ಮುಗಿಯುವಾಗ ಅದರ ಮೈಯೆಲ್ಲ ಎದೆಮಟ್ಟದ ಹುಲ್ಲು. ನಮ್ಮ ಯಜಮಾನರು ಕವಳಿ ಹಣ್ಣಿನ ಕಾಲದಲ್ಲಿ ಟವೆಲ್ಲಿನ ತುಂಬ ಹಣ್ಣು ಕಟ್ಟಿಕೊಂಡು ಬರುತ್ತಿದ್ದರು. ಯಾವ ಬೇರು ಹೊಟ್ಟೆನೋವಿಗೆ, ಯಾವ ಎಲೆ ಹುಣ್ಣಿಗೆ ಎಂದು ತೋರಿಸುತ್ತಿದ್ದರು. ಬೆಳಗಾಗುವ ಮೊದಲೇ ನವಿಲು ಕೂಗಿ ಎಬ್ಬಿಸುತ್ತಿದ್ದವು. ನನಗೆ ತವರಿನ ನೆನಪು ಬಹಳ ದಿನ ಕಾಡಲಿಲ್ಲ, ಅದಕ್ಕೆ ಕಾರಣ ಅತ್ತೆಯ ಪ್ರೀತಿಯಂತೂ ಅಲ್ಲ, ಗುಡ್ಡ.

ಬೇಸಿಗೆ ಬಂತೆಂದರೆ ಆ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಬೀಳುತ್ತದೆ ಎನ್ನುವುದು ನಮ್ಮ ಊರಿನವರ ಮಾತು, ಬೆಂಕಿ ತಾನೇ ನಡೆದು ಬಂದ ಹಾಗೆ. ಕೆಲವರು ಮಳೆಗೆ ಹೊಸ ಹುಲ್ಲು ಚೆನ್ನಾಗಿ ಚಿಗುರಲಿ ಎಂದು ಹಚ್ಚುತ್ತಾರೆ. ಕೆಲವರು ಬೀಡಿ ಎಸೆದು ಮರೆಯುತ್ತಾರೆ. ಇನ್ನು ಕೆಲವರು ಹರಕೆಗೆ ಹಚ್ಚುತ್ತಾರೆ. ಮಕ್ಕಳಾಗಲಿ, ಕೋರ್ಟಿನಲ್ಲಿ ಗೆಲ್ಲಲಿ, ಹಾಸಿಗೆ ಹಿಡಿದವರು ಎದ್ದು ಕೂರಲಿ, ಗುಡ್ಡಕ್ಕೆ ಬೆಳಕು ಮಾಡುತ್ತೇನೆ ಎಂದು ಹೊರುತ್ತಾರೆ. ಬೆಂಕಿ ಎಷ್ಟು ಮೇಲಕ್ಕೆ ಏರಿತೋ ದೇವರು ಅಷ್ಟು ಒಪ್ಪಿಕೊಂಡ ಹಾಗೆ. ಹಿಂದೆ ಬರೀ ಬಂಡೆಯ ಮೇಲೆ ಎಣ್ಣೆಯ ಪಣತಿ ಇಟ್ಟು ಬರುತ್ತಿದ್ದರಂತೆ, ನಮ್ಮತ್ತೆಯೇ ಹೇಳಿದ್ದು. ಎಣ್ಣೆಗೆ ರೊಕ್ಕ ಬೇಕು, ಹುಲ್ಲು ಪುಕ್ಕಟೆ. ಭಕ್ತಿ ಬೆಳೆದದ್ದು ಹೀಗೆ.

ನನ್ನ ಕಾಯಿಲೆ ಶುರುವಾದ ವರ್ಷ ಶಿವರಾತ್ರಿ ಮುಗಿದ ಮೇಲೆ ಬೆಂಕಿ ಬಿದ್ದದ್ದು ಆರಲೇ ಇಲ್ಲ. ಒಂದು ಕಡೆ ಆರಿದರೆ ಇನ್ನೊಂದು ಕಡೆ. ಹೊಗೆ ಇಳಿದು ಬಂದು ಊರಿನ ಮೇಲೆ ಕೂತುಬಿಟ್ಟಿತು. ಒಣಹಾಕಿದ ಸೀರೆ ತೆಗೆದರೆ ಅದರ ವಾಸನೆ, ಕೊಡದ ನೀರಿನ ಮೇಲೆ ಕರಿ ಬೂದಿ, ಹಾಲಿನ ಕೆನೆಯ ಮೇಲೂ ಅದೇ. ನಾನು ಊರಿನ ಅಂಗನವಾಡಿ ಟೀಚರು. ಮಕ್ಕಳ ಮೂಗು ಒರೆಸಿದರೆ ಬಟ್ಟೆ ಕಪ್ಪಾಗುತ್ತಿತ್ತು. ಎಲ್ಲರಿಗೂ ಕೆಮ್ಮಿತ್ತು, ಆದರೆ ಎಲ್ಲರದೂ ಬಂದು ಹೋಯಿತು. ನನ್ನದು ಬಂದು ಉಳಿಯಿತು.

ಮೊದಲು ಊರಿನ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಆಮೇಲೆ ಕಷಾಯ, ಜೇನು, ಯಾರೋ ಹೇಳಿದ ಬೇರು. ಮಕ್ಕಳಿಗೆ ಹಾಡು ಹೇಳಿಕೊಡುವಾಗ ಎರಡನೇ ಸಾಲಿಗೇ ದಮ್ಮು ಹತ್ತುತ್ತಿತ್ತು, ಉಳಿದದ್ದನ್ನು ಮಕ್ಕಳೇ ಹಾಡಿ ಮುಗಿಸುತ್ತಿದ್ದರು. ಒಂದು ದಿನ ಅರ್ಧಕ್ಕರ್ಧ ಮಕ್ಕಳು ಬರಲಿಲ್ಲ. ಮರುದಿನ ಇನ್ನೂ ಕಡಿಮೆ. ಓಣಿಯ ಒಬ್ಬ ತಾಯಿಯನ್ನು ನಿಲ್ಲಿಸಿ ಕೇಳಿದೆ.

‘ತಪ್ಪ ತಿಳ್ಕೋಬ್ಯಾಡ್ರಿ ಟೀಚರ. ನಿಮಗ ಟಿ.ಬಿ. ಐತಿ ಅಂತ ಎಲ್ಲಾರೂ ಮಾತಾಡಾಕತ್ಯಾರ. ಸಣ್ಣ ಹುಡುಗ್ರು ನೋಡ್ರಿ’ ಅಂದಳು. ಹೇಳುತ್ತಲೇ ಸೆರಗನ್ನು ಮೂಗಿಗೆ ಹಿಡಿದಿದ್ದಳು. ಅವಳನ್ನು ಅದೇ ಅಂಗನವಾಡಿಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಅ ಆ ಇ ಈ ಕಲಿಸಿದವಳು ನಾನು. ಅವಳ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ.

ಗದಗಿಗೆ ಹೋದೆವು. ಕಫ ಪರೀಕ್ಷೆ ಮಾಡಿದರು, ಟಿ.ಬಿ. ಇರಲಿಲ್ಲ. ಅದನ್ನು ಊರಿನವರಿಗೆ ಡಂಗುರ ಸಾರುವವರು ಯಾರು? ಆಮೇಲೆ ಒಂದು ಕೊಳವೆ ಬಾಯಿಗೆ ಕೊಟ್ಟು ಊದಲು ಹೇಳಿದರು. ಊದಿಸುವ ಹುಡುಗಿಯ ಗಂಟಲೋ ದೇವರಿಗೇ ಪ್ರೀತಿ. ‘ಊದ್ರಿ, ಊದ್ರಿ, ಇನ್ನೂ ಊದ್ರಿ, ಬಿಡಬ್ಯಾಡ್ರಿ’ ಎಂದು ಕೂಗುತ್ತಿದ್ದಳು. ಬಾಗಿಲು ತೆರೆದೇ ಇತ್ತು. ಹೊರಗೆ ಕೂತವರೆಲ್ಲ ಜಾತ್ರೆಯ ಪುಗ್ಗಾ ಮಾರುವವಳನ್ನು ನೋಡುವಂತೆ ನನ್ನನ್ನು ನೋಡಿದರು. ಊದಿ ಊದಿ ಕಣ್ಣಲ್ಲಿ ನೀರು ಬಂತು. ‘ಇಷ್ಟ ಏನ್ರಿ?’ ಅಂದಳು ಹುಡುಗಿ.

ಡಾಕ್ಟರು ಕಾಗದ ನೋಡಿ ನನ್ನನ್ನು ಬಿಟ್ಟು ನನ್ನ ಗಂಡನನ್ನು ಕೇಳಿದರು. ‘ಇವರು ಬೀಡಿ ಸೇದ್ತಾರೇನು?’

ನಮ್ಮ ಯಜಮಾನರು ಗಾಬರಿಯಾದರು. ‘ಇಲ್ರಿ ಸರ್, ಎಲಿ ಅಡಿಕಿ ಅಷ್ಟ.’

‘ಒಲಿ ಮುಂದ ಕುಂಡ್ರತಾರ?’

‘ಗ್ಯಾಸ್ ಐತ್ರಿ. ಬಂದು ಭಾಳ ವರ್ಷಾತು.’

‘ಮತ್ತ ಇಷ್ಟು ಹೊಗಿ ಎಲ್ಲಿಂದ ಹೋತು ಇವರ ಎದಿಯೊಳಗ?’

‘ಗುಡ್ಡದ್ದರೀ’ ಎಂದು ನಾನೇ ಹೇಳಿದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ಉಬ್ಬಸ ಬಂದಿದೆ, ಪುಪ್ಪುಸದ ಬಲ ಕಡಿಮೆಯಾಗಿದೆ, ಹೋದದ್ದು ಪೂರ್ತಿ ವಾಪಸ್ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು ಅಂದರು. ಇನ್ನೊಮ್ಮೆ ಅಂಥ ಹೊಗೆ ಕುಡಿದರೆ ತಮ್ಮಿಂದಲೂ ಏನೂ ಮಾಡಲಾಗದು ಅಂದರು. ಊರು ಬಿಡಲು ಆಗುತ್ತದೆಯೇ ಎಂದು ಕೇಳಿದರು. ಆಮೇಲೆ ತಾವೇ, ‘ಗುಡ್ಡ ಸರಿಸಾಕ ಬರೂದಿಲ್ಲವಾ. ನೀವ ಸರೀಬೇಕು’ ಅಂದರು. ಕೆಟ್ಟ ಮನುಷ್ಯರಲ್ಲ. ಹೊರಗೆ ಬಹಳ ಜನ ಕಾಯುತ್ತಿದ್ದರು, ಅಷ್ಟೇ.

ಯಜಮಾನರು ಔಷಧಿ ತರಲು ಹೋದಾಗ ನಾನು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಲಕ್ಷ್ಮೇಶ್ವರದಿಂದ ಬಂದ ಒಬ್ಬ ಮುದುಕಿ, ಹಜರತ್‌ಬಿ ಅಂತ. ಅವರದೂ ದಮ್ಮೇ, ನನಗಿಂತ ಹಳೆಯದು. ನಾನು ಅಳುವುದನ್ನು ನೋಡಿ ಸಮಾಧಾನವನ್ನೇನೂ ಹೇಳಲಿಲ್ಲ. ‘ಅಳಬ್ಯಾಡ ಬೇಟಿ, ಅಳಾಕ ಉಸುರು ಭಾಳ ಬೇಕಾಗತೈತಿ’ ಅಂದರು. ಆಮೇಲೆ ಬಶಿಯಲ್ಲಿ ಚಹಾ ಹಾಕಿ ನನ್ನ ಕೈಗೆ ಕೊಟ್ಟರು. ‘ಆರಸು. ಸಾವಕಾಶ ಊದು. ನೋಡು, ಹಂಗ ಬಿಡಬೇಕು ಉಸುರು. ತಗೊಳ್ಳೂದಕ್ಕ ಒದ್ದಾಡಬ್ಯಾಡ. ಬಿಟ್ಟರ ತಾನ ಬರತೈತಿ.’ ದಮ್ಮು ಏರಿದಾಗಲೆಲ್ಲ ನಾನು ಇಂದಿಗೂ ತುಟಿ ಮುಂದೆ ಮಾಡಿ, ಇಲ್ಲದ ಚಹಾ ಆರಿಸುತ್ತೇನೆ. ದವಾಖಾನೆಯ ಅಷ್ಟು ದೊಡ್ಡ ಕಟ್ಟಡದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಔಷಧಿ ಅದೇ.

ಮಳೆಗಾಲವೆಲ್ಲ ಬೆಟಗೇರಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ನೇಕಾರರ ಓಣಿ, ಅವರ ಮಗ್ಗವನ್ನು ಎಂದೋ ಕಿತ್ತಿದ್ದರು, ಆ ಜಾಗದಲ್ಲಿ ನನಗೆ ಹಾಸಿಗೆ. ದಿನಾ ಎರಡು ಹೊತ್ತು ಡಾಕ್ಟರು ಕೊಟ್ಟ ಔಷಧಿಯ ಪಂಪು ಬಾಯಿಗಿಟ್ಟು ಎಳೆಯುವುದು, ಗೋಡೆಗೆ ಒರಗಿ ಮಲಗುವುದು. ನಿಧಾನಕ್ಕೆ ಸುಧಾರಿಸಿದೆ. ಮೊದಲು ಬಚ್ಚಲಿಗೆ ಹೋಗಿ ಬರಲು, ಆಮೇಲೆ ಸಂತೆಗೆ, ಆಮೇಲೆ ಅಕ್ಕನ ಜೊತೆ ಜಗಳವಾಡಲು ಕೂಡ ಉಸಿರು ಸಾಕಾಯಿತು. ‘ಈಗ ಖರೆ ನೆಟ್ಟಗಾದಿ’ ಅಂದಳು ಅಕ್ಕ. ದಸರೆ ಮುಗಿದ ಮೇಲೆ ಊರಿಗೆ ಹೋದೆ. ಬೇಸಿಗೆ ಬಂದ ಕೂಡಲೇ ವಾಪಸ್ ಬರುತ್ತೇನೆ ಎಂದು ಹೇಳಿಯೇ ಹೋದೆ. ಗುಡ್ಡ ಹುಲ್ಲು ಹೊದ್ದು ನಿಂತಿತ್ತು. ಆದರೆ ಕವಳಿಯ ಮುಳ್ಳುಕಂಟಿಗಳು ಸುಟ್ಟು ಕರಕಲಾಗಿದ್ದವು. ಬೆಳಿಗ್ಗೆ ನವಿಲಿಗಾಗಿ ಕಿವಿಗೊಟ್ಟು ಕೂತೆ, ಕೇಳಲಿಲ್ಲ. ಮಗು ಸತ್ತ ಮನೆಯಲ್ಲಿ ತೊಟ್ಟಿಲು ಹಾಗೇ ತೂಗುಬಿಟ್ಟಿರುವುದನ್ನು ನೋಡಿದರೆ ಹೇಗಾಗುತ್ತದೋ ಹಾಗಾಯಿತು. ಅದು ದುಃಖ ಅಂತ ಹೇಳಿದರೆ ಊರಿನವರು ನಗುತ್ತಿದ್ದರು. ಗುಡ್ಡ ಅಲ್ಲೇ ಇದೆಯಲ್ಲ, ಎಲ್ಲಿಗೂ ಹೋಗಿಲ್ಲವಲ್ಲ.

ಶಿವರಾತ್ರಿ ಹತ್ತಿರ ಬಂತು. ನಾನು ಬಟ್ಟೆ ಗಂಟು ಕಟ್ಟಿದೆ. ಯಜಮಾನರು ‘ಇನ್ನೊಂದ ದಿನ ತಡಿ. ನಾಳೆ ನಾನ ಬಸ್ಸಿಗೆ ಹತ್ತಸ್ತೀನಿ’ ಅಂದರು. ಮಧ್ಯಾಹ್ನ ಸ್ನಾನ ಮಾಡಿ ಮಡಿ ಧೋತರ ಉಟ್ಟು ಹೊರಗೆ ಹೋದರು. ಹೋಗುವ ಮೊದಲು ಗೋಣಿಚೀಲ ತೋಯಿಸಿ ಕಿಟಕಿಗೆ ಕಟ್ಟಿದರು. ಯಾಕೆ ಎಂದರೆ ಬಿಸಿಲು ಅಂದರು.

ಸಂಜೆಗೆ ಗುಡ್ಡ ಹತ್ತಿ ಉರಿಯುತ್ತಿತ್ತು. ಗಾಳಿ ಮೊದಲು ಆಚೆ ಕಡೆಗಿತ್ತು. ಆಮೇಲೆ ತಿರುಗಿತು. ತೋಯಿಸಿದ ಗೋಣಿಚೀಲ ಎಷ್ಟು ತಡೆದೀತು? ಹೊಗೆ ಹಂಚಿನ ಸಂದಿಯಿಂದ ಇಳಿಯಿತು. ಪಂಪು ಎಳೆದೆ, ಎಳೆದೆ, ಏನೂ ಆಗಲಿಲ್ಲ. ಚಹಾ ಆರಿಸಿದೆ. ತುಟಿಗಳು ನೀಲಿಯಾದವಂತೆ, ಅದು ನನಗೆ ಆಮೇಲೆ ಗೊತ್ತಾದದ್ದು. ಯಾರೋ ಟಾಟಾ ಗಾಡಿ ತಂದರು. ನನ್ನನ್ನು ಎತ್ತಿ ಅದರಲ್ಲಿ ಹಾಕುವಾಗ ಓಣಿಯ ಮುದುಕಿಯೊಬ್ಬಳು ಬಂದು ನನ್ನ ಹಣೆಗೆ ಕುಂಕುಮ ಒತ್ತಿದಳು. ಕಿವಿಯ ಹತ್ತಿರ ಬಾಗಿ, ‘ಪುಣ್ಯವಂತಿ ನೀನು. ನಿನ್ನ ಗಂಡ ಹಚ್ಚಿದ ಬೆಳಕು ಗುಡ್ಡದ ನೆತ್ತಿ ಮುಟ್ಟೇತಿ. ನಿನ್ನ ಉಸುರಿಗೆ ಹೊತ್ತ ಹರಕಿ ತೀರ್ತು ನೋಡವಾ’ ಅಂದಳು.

ಹೀಗೆ ಗೊತ್ತಾಯಿತು ನನಗೆ. ಹಿಂದಿನ ವರ್ಷ ನಾನು ದವಾಖಾನೆಯ ಬೆಂಚಿನ ಮೇಲೆ ಅಳುತ್ತಿದ್ದಾಗ ಔಷಧಿ ತರಲು ಹೋದ ಈ ಪುಣ್ಯಾತ್ಮ, ನನ್ನ ಹೆಂಡತಿಯ ಉಸಿರು ಸುಧಾರಿಸಲಿ, ಗುಡ್ಡಕ್ಕೆ ಬೆಳಕು ಮಾಡುತ್ತೇನೆ ಎಂದು ಹೊತ್ತಿದ್ದರು. ಹರಕೆಯನ್ನು ತೀರುವ ತನಕ ಬಾಯಿ ಬಿಡಬಾರದು, ಬಿಟ್ಟರೆ ಫಲವಿಲ್ಲ. ನಾನು ಸುಧಾರಿಸಿದೆ. ದೇವರು ಕೊಟ್ಟ ಮೇಲೆ ತಾವು ಕೊಡದಿದ್ದರೆ ಹೇಗೆ?

ಗಾಡಿಯಲ್ಲಿ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡವರೂ ಅವರೇ. ಅವರ ಮಡಿ ಧೋತರದಲ್ಲಿ ಆ ವಾಸನೆಯೇ ಇತ್ತು. ನಾನು ಮುಖ ತಿರುಗಿಸಲು ನೋಡಿದೆ, ಕತ್ತಿನಲ್ಲಿ ಬಲವಿರಲಿಲ್ಲ.

ದವಾಖಾನೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಯಂತ್ರ ಚಾಲೂ ಮಾಡಿದರು. ಅದರಿಂದ ಬೆಳ್ಳಗೆ ಹೊಗೆಯ ಹಾಗೆ ಔಷಧಿ ಬಂತು. ನಾನು ಹೆದರಿ ಕಿತ್ತು ಎಸೆದೆ. ನರ್ಸ್ ಬೈದಳು, ಮತ್ತೆ ಹಾಕಿದಳು, ಮತ್ತೆ ಕಿತ್ತೆ. ಕೊನೆಗೆ ಇಬ್ಬರು ಕೈ ಹಿಡಿದರು. ಹೊಗೆಯಿಂದ ಸಾಯುತ್ತಿರುವವಳಿಗೆ ಹೊಗೆಯಂಥದ್ದೇ ಮದ್ದು ಮಾಡಿದವನು ರಸಿಕನೇ ಇರಬೇಕು.

ಮೂಗಿಗೆ ಗಾಳಿಯ ನಳಿಕೆ ಹಾಕಿಕೊಂಡು ಒರಗಿ ಕೂರುವಷ್ಟಾದ ಮೇಲೆ, ಒಂದು ಮಧ್ಯಾಹ್ನ ಯಜಮಾನರು ಮಂಚದ ಪಕ್ಕ ಕೂತಲ್ಲೇ ನಿದ್ದೆ ಹೋಗಿದ್ದರು. ಅಂಗಿಯ ಕಿಸೆಯಿಂದ ಹಳದಿ ಬಟ್ಟೆಯ ತುದಿ ಇಣುಕಿತ್ತು. ಎಳೆದು ಬಿಚ್ಚಿದೆ. ಒಳಗೆ ಒಂದು ರೂಪಾಯಿ, ಅದರ ಜೊತೆ ಒಂದು ಬೆಂಕಿಕಡ್ಡಿ. ನಮ್ಮೂರಲ್ಲಿ ಗುಡ್ಡದ ಹರಕೆಗೆ ಮುಡಿಪು ಕಟ್ಟುವುದು ಹೀಗೆಯೇ. ಬಟ್ಟೆ ಹೊಸದು, ಅರಿಷಿಣ ಕೈಗೆ ಅಂಟಿತು. ಹಳೆಯ ಹರಕೆ ತೀರಿ ಇನ್ನೂ ಬೂದಿ ಆರಿರಲಿಲ್ಲ, ಇವರು ಹೊಸದು ಹೊತ್ತಿದ್ದರು.

ಅವರನ್ನು ಅಲುಗಾಡಿಸಿ ಎಬ್ಬಿಸಿದೆ. ‘ಏನಿದು?’

ಅವರು ನನ್ನ ಕೈಯಲ್ಲಿದ್ದುದನ್ನು ನೋಡಿ ಬಿಳಿಚಿದರು. ‘ಯಾಕ ಬಿಚ್ಚಿದಿ ಅದನ್ನ? ಬಿಚ್ಚಬಾರದು.’

‘ಹೊಗಿಲಿಂದ ಸಾಯಾಕತ್ತೇನಿ ನಾನು. ಮತ್ತ ಹೊಗಿನ ಹಾಕ್ತೀನಿ ಅಂತ ದೇವರಿಗೆ ಹೇಳೀರೇನು?’

‘ಅದು ಬ್ಯಾರೆ ಹೊಗಿ. ಹುಲ್ಲಿಗೆ ಹಚ್ಚಿದ್ದು ಬ್ಯಾರೆ, ದೇವರಿಗೆ ಹಚ್ಚಿದ್ದು ಬ್ಯಾರೆ. ಗಾಳಿ ತಿರುಗಿದ್ದಕ್ಕ ಹಿಂಗಾತು. ಹೋದ ವರ್ಷ ಹೊತ್ತೆ, ನೀ ನೆಟ್ಟಗಾದಿ. ಹೌದಲ್ಲ? ಮೊನ್ನೆ ನಿನಗ ಎಚ್ಚರ ಇದ್ದಿಲ್ಲ. ಹೊತ್ತೆ, ಕಣ್ಣ ಬಿಟ್ಟಿ. ಇಲ್ಲ ಅಂತ ಹೆಂಗ ಹೇಳ್ಲಿ?’

ಈ ಮನುಷ್ಯನ ಜೊತೆ ನಾನು ವಾದದಲ್ಲಿ ಗೆಲ್ಲುವುದು ಸಾಧ್ಯವಿರಲಿಲ್ಲ. ಅವರ ಲೆಕ್ಕದಲ್ಲಿ ನಾನು ಉಸಿರಾಡುತ್ತಿದ್ದದ್ದೇ ಸಾಕ್ಷಿ.

‘ನನ್ನ ತಲಿ ಮುಟ್ಟಿ ಆಣಿ ಮಾಡ್ರಿ, ಇನ್ನ ಗುಡ್ಡಕ್ಕ ಬೆಂಕಿ ಹಚ್ಚೂದಿಲ್ಲಂತ’ ಅಂದೆ.

ಅವರು ಕೈ ಎತ್ತಿದರು. ನನ್ನ ತಲೆಯ ಹತ್ತಿರ ತಂದರು. ಬೆರಳುಗಳು ನನ್ನ ಕೂದಲಿಗೆ ಇನ್ನೇನು ತಾಗುವಷ್ಟು ಹತ್ತಿರ. ಆಮೇಲೆ ಕೈ ಹಿಂದೆ ತೆಗೆದು ಮುಖ ಮುಚ್ಚಿಕೊಂಡು ಅತ್ತರು. ‘ಹರಕಿ ಮುರದರ ದೇವರು ನಿನ್ನ ತಗೊಂಡ ಹೋಗ್ತಾನ. ಆಣಿ ಮುರದರೂ ನೀನ ಹೋಗ್ತಿ. ನನಗ ಏನ್ ಮಾಡಂತಿ ಶಾಂತಾ?’ ಅತ್ತ ದರಿ ಇತ್ತ ಪುಲಿ ಅನ್ನುವುದನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೆ. ಅವತ್ತು ಎದುರಿಗೆ ನೋಡಿದೆ. ಅವರ ಮೇಲೆ ಕನಿಕರ ಬಂತು, ಅದರ ಜೊತೆಗೇ ಕಪಾಳಕ್ಕೆ ಹೊಡೆಯಬೇಕೆನ್ನಿಸುವಷ್ಟು ಸಿಟ್ಟೂ ಬಂತು. ಎರಡಕ್ಕೂ ಉಸಿರಿರಲಿಲ್ಲ.

ದವಾಖಾನೆಯಿಂದ ನೇರ ಬೆಟಗೇರಿಗೆ ಬಂದೆ. ಅಂಗನವಾಡಿಯ ಕೆಲಸ ಬಿಟ್ಟೆ. ಊರಿನಿಂದ ನನ್ನ ಸೀರೆಗಳು ಬಂದವು, ತೊಳೆದು ತೊಳೆದು ವಾಸನೆ ಹೋಗದೆ ಎರಡನ್ನು ಒರೆಸುವ ಬಟ್ಟೆ ಮಾಡಿದೆವು. ಅರಣ್ಯದವರು ಊರಿಗೆ ಬಂದು ಬೆಂಕಿ ಹಚ್ಚಿದವರು ಯಾರು ಎಂದು ಕೇಳಿದರಂತೆ. ಯಾರಿಗೂ ಗೊತ್ತಿರಲಿಲ್ಲವಂತೆ. ಅಕ್ಕ ಈ ಸುದ್ದಿ ತಂದಾಗ, ‘ನೀ ಒಂದ ಫೋನ್ ಹಚ್ಚಿದ್ರ ಮುಗೀತಿತ್ತು’ ಅಂದಳು. ನಾನು ಹಚ್ಚಲಿಲ್ಲ. ಗಂಡನನ್ನು ಜೈಲಿಗೆ ಕಳಿಸಿ ಗುಡ್ಡ ಉಳಿಸುವಷ್ಟು ದೊಡ್ಡವಳು ನಾನಲ್ಲ. ಅವರು ಜೈಲಿಗೆ ಹೋದರೂ ಹರಕೆ ಹೊತ್ತುಕೊಂಡೇ ಹೋಗುತ್ತಾರೆ, ಹೊತ್ತುಕೊಂಡೇ ಬರುತ್ತಾರೆ.

ಈಗ ನಾನು ಸುಧಾರಿಸಿದ್ದೇನೆ. ಈ ಮಾತನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ನಿಮಗೆ ಸುಳ್ಳು ಹೇಳುವುದಿಲ್ಲ. ಪಂಪು ತಪ್ಪಿಸುವುದಿಲ್ಲ, ಧೂಳಿದ್ದಲ್ಲಿ ಹೋಗುವುದಿಲ್ಲ, ಓಣಿಯ ಮಕ್ಕಳಿಗೆ ಸಂಜೆ ಹಾಡು ಹೇಳಿಕೊಡುತ್ತೇನೆ, ನಾಲ್ಕು ಸಾಲೂ ನಾನೇ ಹಾಡುತ್ತೇನೆ. ಹೋದ ತಿಂಗಳು ಕೊಳವೆ ಊದಿದಾಗ ಅದೇ ಹುಡುಗಿ ‘ಭಾಳ ಚೊಲೊ ಬಂತ್ರಿ ಈ ಸಲ’ ಅಂದಳು. ನಿಮ್ಮಲ್ಲಿ ಯಾರಾದರೂ ಬೆಂಚಿನ ಮೇಲೆ ಕೂತು ಇದನ್ನು ಓದುತ್ತಿದ್ದರೆ ತಿಳಿದುಕೊಳ್ಳಿ, ಸುಧಾರಣೆ ಆಗುತ್ತದೆ.

ಅವರು ಮಾತ್ರ ಅದನ್ನು ತಿಳಿಯಬಾರದು. ನಾನು ಪೂರ್ತಿ ಗುಣವಾದರೆ ಹರಕೆ ತೀರಿಸಬೇಕು, ಗುಣವಾಗದಿದ್ದರೆ ಹರಕೆ ಕೂಡಿ ಬಂದಿಲ್ಲ. ಆ ಹಳದಿ ಗಂಟನ್ನು ಮತ್ತೆ ಕಟ್ಟಿ ದೇವರ ಮಾಡದಲ್ಲಿ ಇಟ್ಟುಕೊಂಡು ಕಾಯುತ್ತಿದ್ದಾರೆ. ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ‘ಉಸುರು ಹೆಂಗೈತಿ?’ ಎಂದು ಕೇಳುತ್ತಾರೆ. ನಾನು ಫೋನಿನ ಹತ್ತಿರ ಬಾಯಿ ತಂದು ಕೆಮ್ಮುತ್ತೇನೆ. ಮಾತಿನ ನಡುನಡುವೆ ನಿಲ್ಲಿಸಿ ತೇಕುತ್ತೇನೆ. ಅಕ್ಕ ಮೊದಮೊದಲು ನಗುತ್ತಿದ್ದಳು, ಈಗ ಎದ್ದು ಒಳಗೆ ಹೋಗುತ್ತಾಳೆ. ಅತ್ತ ಕಡೆಯಿಂದ ಅವರು, ‘ಬರ್ತಿಯೇನು ಮನಿಗೆ, ಒಂದ ನಾಕ ದಿನ? ಮಳಿ ಆಗೇತಿ, ಗುಡ್ಡ ಹಸರಾಗೇತಿ’ ಅನ್ನುತ್ತಾರೆ. ನಾನು ಹೋದರೆ ಅವರು ನನ್ನನ್ನು ನೋಡುತ್ತಾರೆ. ಮೆಟ್ಟಿಲು ಏರುವುದನ್ನು, ನೀರು ಸೇದುವುದನ್ನು ನೋಡುತ್ತಾರೆ. ನಡೆಯಲು ಬರುತ್ತಿಲ್ಲ ಅನ್ನುತ್ತೇನೆ. ಅವರು ಬರುತ್ತೇನೆ ಅಂದರೆ, ನಿಮ್ಮ ಮೈಯ ಹೊಗೆವಾಸನೆ ತಡೆಯಲಾಗದು, ಬರಬೇಡಿ ಅನ್ನುತ್ತೇನೆ. ಇದಕ್ಕಿಂತ ಕ್ರೂರ ಮಾತನ್ನು ಯಾರಿಗೂ ಆಡಿಲ್ಲ ನಾನು. ಆಮೇಲೆ ಆ ದಿನ ಊಟ ಸೇರುವುದಿಲ್ಲ.

ಈ ಬೇಸಿಗೆಯಲ್ಲಿ ಗುಡ್ಡಕ್ಕೆ ಮತ್ತೆ ಬೆಂಕಿ ಬಿತ್ತಂತೆ, ಬೇರೆ ಯಾರದೋ. ನಮ್ಮವರದಲ್ಲ. ನಮ್ಮ ಮನೆ ಎದುರಿನ ಇಳಿಜಾರು ಈ ಸಲ ಉಳಿದಿದೆ, ಕವಳಿ ಕಂಟಿ ಚಿಗುರಿವೆ ಎಂದು ಅವರೇ ಫೋನಿನಲ್ಲಿ ಹೇಳಿದರು. ನಾನು ಕೆಮ್ಮುತ್ತ ಕೇಳಿಸಿಕೊಂಡೆ.

ಅವರಿಗೆ ಓದುವ ಅಭ್ಯಾಸವಿಲ್ಲ, ಹಾಗಾಗಿ ಧೈರ್ಯದಿಂದ ಇದನ್ನು ಬರೆದೆ. ನೀವು ಯಾರಾದರೂ ಆ ಕಡೆ ಹೋದರೆ, ಗುಡ್ಡಕ್ಕೆ ಮುಖ ಮಾಡಿ ಕೂತ ಮನುಷ್ಯರೊಬ್ಬರು ನಿಮ್ಮನ್ನು ಬೆಟಗೇರಿಯವರೇ ಎಂದು ಕೇಳಿದರೆ, ನಮ್ಮ ಶಾಂತಾ ಹೆಂಗದಾಳ ಎಂದು ಕೇಳಿದರೆ, ದಯವಿಟ್ಟು ಆಕೆಗೆ ಇನ್ನೂ ಏನೂ ಗುಣವಾಗಿಲ್ಲ ಎಂದೇ ಹೇಳಿ.